ಚಾಟ್‌ಬಾಟ್ ಪದ ಹೇಳಲಿ, ಅರ್ಥ ಮಕ್ಕಳೇ ಹೇಳಲಿ

ನನ್ನ ಮೆಂಟರ್ ಡೈರಿಯಲ್ಲಿ 38 ಹೆಸರುಗಳಿವೆ. ಮಂಗಳೂರಿನ ಹತ್ತಿರದ ತೊಕ್ಕೊಟ್ಟಿನಿಂದ ಒಳಗೆ ಹೋಗುವ ರಸ್ತೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಕಾಂ ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಪ್ರತಿಯೊಬ್ಬರ ಜೊತೆ ಕೂತು ಮಾತಾಡಬೇಕು, ಕಷ್ಟ ಸುಖ ಕೇಳಬೇಕು, ಬರೆದಿಡಬೇಕು ಅಂತ ನಿಯಮ ಉಂಟು. ನಿಜವಾಗಿ ಆಗುವುದು ಬೇರೆ. ತಿಂಗಳ ಕೊನೆಗೆ ಸಾಲಾಗಿ ಬಂದು ಸಹಿ ಹಾಕಿ ಹೋಗುತ್ತಾರೆ. ಡೌಟು ಬರುವುದು ರಾತ್ರಿ ಹನ್ನೊಂದಕ್ಕೆ, ಇಂಟರ್ನಲ್ಸ್‌ನ ಹಿಂದಿನ ದಿನ. ಆಗ ಅವರ ಕೈಯಲ್ಲಿ ಇರುವುದು ಫೋನು ಮಾತ್ರ.

ಹಾಗಾಗಿ ಮಕ್ಕಳು ಚಾಟ್‌ಬಾಟ್ ಬಳಸಬಹುದಾ ಬಾರದಾ ಅನ್ನುವ ಸ್ಟಾಫ್ ರೂಮ್ ಚರ್ಚೆಯಿಂದ ನಾನು ಎದ್ದು ಬಂದು ತುಂಬ ದಿನ ಆಯಿತು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದಾಗಲೇ ಆ ಚರ್ಚೆ ಮುಗಿದಿದೆ. ಅವರು ಬಳಸುತ್ತಿದ್ದಾರೆ. ಹೇಗೆ ಬಳಸುತ್ತಾರೆ ಅಂತ ನೋಡಿದರೆ ಮಾತ್ರ ಬೇಜಾರು. ಪ್ರಶ್ನೆಯ ಫೋಟೋ ಹೊಡಿ, ಬಂದದ್ದನ್ನು ಬರಿ, ಮಲಗು.

ನಮ್ಮೂರಿನಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ನೋಡಿದವರಿಗೆ ನಾನು ಹೇಳುವುದು ಬೇಗ ಗೊತ್ತಾಗುತ್ತದೆ. ಭಾಗವತರು ಪದ ಹೇಳುತ್ತಾರೆ, ಅಂದರೆ ಪ್ರಸಂಗದ ಹಾಡು ಹಾಡುತ್ತಾರೆ. ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬೇಕು ಅಂತ ಇಡೀ ಪ್ರಸಂಗವನ್ನು ನಡೆಸುವವರು ಅವರೇ. ಆದರೆ ಆ ಪದಕ್ಕೆ ಮಾತಿನಲ್ಲಿ ಅರ್ಥ ಹೇಳುವುದು ಅರ್ಥಧಾರಿಯ ಕೆಲಸ, ಅದೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವ ಹಾಗಿಲ್ಲ, ಆ ಹೊತ್ತಿಗೆ ತಲೆಯಿಂದಲೇ ಬರಬೇಕು. ಚಾಟ್‌ಬಾಟನ್ನು ಭಾಗವತರ ಜಾಗದಲ್ಲಿ ಕೂರಿಸುವುದು ಹೇಗೆ ಅಂತ ಎರಡು ವರ್ಷ ಒದ್ದಾಡಿ ಕಲಿತದ್ದನ್ನು ನನ್ನಂಥ ಬೇರೆ ಶಿಕ್ಷಕರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕೋಡಿಂಗ್ ಬೇಡ, ದುಡ್ಡೂ ಬೇಡ.

ಮೊದಲು, ಇದರಿಂದ ಏನಾಗುತ್ತದೆ?

ಹೊರಗಿನ ಎರಡು ಉದಾಹರಣೆ ಹೇಳುತ್ತೇನೆ, ಎರಡೂ 2016ರವು, ಅಂದರೆ ಈಗಿನ ಚಾಟ್‌ಬಾಟ್‌ಗಳಿಗಿಂತ ಎಷ್ಟೋ ಮೊದಲಿನವು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ ಅನ್ನುವ ಪ್ರೊಫೆಸರ್ ತಮ್ಮ ಆನ್‌ಲೈನ್ ಕೋರ್ಸಿಗೆ ಜಿಲ್ ವಾಟ್ಸನ್ ಅನ್ನುವ ಸಹಾಯಕಿಯನ್ನು ಇಟ್ಟರು. ಅಸೈನ್‌ಮೆಂಟ್ ಯಾವಾಗ ಕೊಡಬೇಕು, ಎಷ್ಟು ಪುಟ ಬರೆಯಬೇಕು ಅನ್ನುವಂಥ ಪ್ರಶ್ನೆಗೆ ಅವಳು ಉತ್ತರ ಕೊಡುತ್ತಿದ್ದಳು. ಅವಳು ಮನುಷ್ಯಳಲ್ಲ ಅಂತ ಹೆಚ್ಚಿನ ಮಕ್ಕಳಿಗೆ ಸೆಮಿಸ್ಟರ್ ಕೊನೆಗೆ ಗೊತ್ತಾಯಿತು. ಇನ್ನೊಂದು ಅದೇ ಊರಿನ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯ ಕಥೆ. ಸೀಟು ಸಿಕ್ಕಿ ಒಪ್ಪಿಕೊಂಡ ಮಕ್ಕಳೂ ಬೇಸಿಗೆಯಲ್ಲಿ ಫಾರಂ, ಸಾಲ, ಲಸಿಕೆಯ ದಾಖಲೆ ಅಂತ ಎಲ್ಲೋ ಸಿಕ್ಕಿಹಾಕಿಕೊಂಡು ಕಾಲೇಜಿಗೆ ಬರುವುದೇ ಇಲ್ಲ. ಅವರಿಗೆ ಪೌನ್ಸ್ ಅನ್ನುವ ಬಾಟ್ ಎಸ್‌ಎಂಎಸ್‌ನಲ್ಲಿ ನೆನಪು ಮಾಡುತ್ತಾ, ಪ್ರಶ್ನೆಗೆ ಉತ್ತರ ಕೊಡುತ್ತಾ ಇತ್ತು. ಮೊದಲ ಬೇಸಿಗೆಯಲ್ಲೇ ಎರಡು ಲಕ್ಷಕ್ಕಿಂತ ಜಾಸ್ತಿ ಉತ್ತರ ಕೊಟ್ಟಿತು, ಹೀಗೆ ಬಿಟ್ಟುಹೋಗುವವರ ಪ್ರಮಾಣ ಸುಮಾರು ಐದರಲ್ಲೊಂದು ಪಾಲು ಇಳಿಯಿತು.

ಎರಡೂ ಕಡೆ ಬಾಟ್ ಮಾಡಿದ್ದು ಸಣ್ಣ ಕೆಲಸ. ಪಾಠ ಮಾಡಲಿಲ್ಲ. ಕೈಹಿಡಿದು ಹೊಸ್ತಿಲು ದಾಟಿಸಿತು, ಅಷ್ಟೇ.

ಪಾಠದ ವಿಷಯಕ್ಕೆ ಬಂದರೆ, ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವನ್ನು ಎಲ್ಲರೂ ಎತ್ತುತ್ತಾರೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕ ಅಂತ ಕೂತು ಕಲಿಸಿದರೆ, ಸಾಧಾರಣ ಮಗು ಕೂಡ ಮಾಮೂಲು ಕ್ಲಾಸಿನ ನೂರರಲ್ಲಿ 98 ಮಕ್ಕಳಿಗಿಂತ ಮುಂದೆ ಹೋಗುತ್ತದೆ ಅಂತ ಅವರು ಹೇಳಿದ್ದರು. ಅಷ್ಟು ದೊಡ್ಡ ಫಲ ಆಮೇಲಿನವರಿಗೆ ಸಿಕ್ಕಿಲ್ಲ, ಆ ಮಾತು ಬೇರೆ. ನನಗೆ ಮುಖ್ಯ ಅನಿಸಿದ್ದು ಒಬ್ಬರಿಗೊಬ್ಬರು ಕೂತಾಗ ಆಗುವ ಕೆಲಸ: ಮಗು ತಪ್ಪು ಮಾಡಿದ ಕ್ಷಣದಲ್ಲೇ ಯಾರೋ ನೋಡುತ್ತಾರೆ. ನಲವತ್ತು ಮಂದಿಯ ಕ್ಲಾಸಿನಲ್ಲಿ ಆ ತಪ್ಪು ನನಗೆ ಕಾಣುವುದು ಪೇಪರ್ ತಿದ್ದುವಾಗ. ಅಷ್ಟೊತ್ತಿಗೆ ಗಟ್ಟಿಯಾಗಿ ಕೂತಿರುತ್ತದೆ.

ಯಾವ ಬಾಟ್ ಅಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಯಾವುದಾದರೂ ಆಗುತ್ತದೆ. 2025ರಲ್ಲಿ ಮೂರರಲ್ಲೂ ಕಲಿಕೆಗೆ ಅಂತಲೇ ಬೇರೆ ವ್ಯವಸ್ಥೆ ಬಂತು. ಕ್ಲಾಡ್‌ನಲ್ಲಿ ಲರ್ನಿಂಗ್ ಮೋಡ್, ಚಾಟ್‌ಜಿಪಿಟಿಯಲ್ಲಿ ಸ್ಟಡಿ ಮೋಡ್, ಜೆಮಿನಿಯಲ್ಲಿ ಗೈಡೆಡ್ ಲರ್ನಿಂಗ್. ಅದನ್ನು ಆನ್ ಮಾಡಿದರೆ ಸೀದಾ ಉತ್ತರ ಕೊಡದೆ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಒಳ್ಳೆಯದೇ. ಆದರೆ ಆಫ್ ಮಾಡಲು ಒಂದು ಸಲ ಒತ್ತಿದರೆ ಸಾಕು, ನಮ್ಮ ಮಕ್ಕಳಿಗೆ ಅದು ಎಲ್ಲಿ ಉಂಟು ಅಂತ ನಮಗಿಂತ ಮೊದಲು ಗೊತ್ತಾಗುತ್ತದೆ. ಹಾಗಾಗಿ ನಾನು ನಂಬುವುದು ನಾವೇ ಬರೆದುಕೊಡುವ ಸೂಚನೆಯನ್ನು. ಚಾಟ್ ಶುರು ಮಾಡುವಾಗ ಮೊದಲು ಅದನ್ನು ಅಂಟಿಸಬೇಕು, ಆಮೇಲೆ ಪ್ರಶ್ನೆ. ನನ್ನ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಮೇಲೆ ಪಿನ್ ಮಾಡಿಟ್ಟಿದ್ದೇನೆ.

ಈಗ ಇರುವ ಸೂಚನೆ ಹೀಗಿದೆ. ಇದು ಏಳನೆಯದೋ ಎಂಟನೆಯದೋ ಆವೃತ್ತಿ.

"ನೀನು ಬಿಕಾಂ ವಿದ್ಯಾರ್ಥಿಗೆ ಸ್ಟ್ಯಾಟಿಸ್ಟಿಕ್ಸ್ ಕಲಿಯಲು ನೆರವಾಗಬೇಕು. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ವಿವರಣೆ ಸರಳ ಕನ್ನಡದಲ್ಲಿರಲಿ, ಪಾಠದ ಪದಗಳು ಇಂಗ್ಲಿಷಿನವೇ ಇರಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಾನು ಮಾಡಿ ನೋಡಿದ್ದನ್ನು ತೋರಿಸುವವರೆಗೆ ಲೆಕ್ಕ ಬಿಡಿಸಬೇಡ. ತಪ್ಪಿದ್ದರೆ ತಪ್ಪು ಅಂತಲೇ ಹೇಳು, ಎಲ್ಲಿ ತಪ್ಪಿದೆ ಅಂತ ನಾನೇ ಹುಡುಕುವ ಹಾಗೆ ಸುಳಿವು ಕೊಡು. ಮೂರು ಸುಳಿವು ಕೊಟ್ಟ ಮೇಲೂ ಆಗದಿದ್ದರೆ, ಬೇರೆ ಅಂಕಿ ಹಾಕಿ ಅಂಥದ್ದೇ ಲೆಕ್ಕ ಮಾಡಿ ತೋರಿಸು. ಉದಾಹರಣೆ ಕರಾವಳಿಯದ್ದಿರಲಿ. ಸುಮ್ಮನೆ ಹೊಗಳಬೇಡ. ಕೊನೆಗೆ ಇಡೀ ವಿಷಯವನ್ನು ನನ್ನ ಮಾತಿನಲ್ಲಿ ಹೇಳಿಸು."

ಇದರಲ್ಲಿ ಒಂದೊಂದು ಮಾತೂ ಒಂದೊಂದು ಪೆಟ್ಟು ತಿಂದ ಮೇಲೆ ಸೇರಿದ್ದು. "ಒಂದೇ ಪ್ರಶ್ನೆ" ಅಂತ ಬರೆಯದಿದ್ದರೆ ಐದು ಪ್ರಶ್ನೆ ಒಟ್ಟಿಗೆ ಎಸೆಯುತ್ತದೆ, ಮಗು ಚಾಟ್ ಮುಚ್ಚಿ ರೀಲ್ಸ್‌ಗೆ ಹೋಗುತ್ತದೆ. "ಬೇರೆ ಅಂಕಿ" ಅಂತ ಯಾಕೆಂದರೆ, ಬರೀ ಸುಳಿವು ಕೊಡು ಅಂದಾಗ ಮಕ್ಕಳು ಮೂರು ಸಲ "ಗೊತ್ತಿಲ್ಲ" ಅಂತ ಒತ್ತಿ ಅಸೈನ್‌ಮೆಂಟಿನ ಉತ್ತರವನ್ನೇ ಹೊರಗೆ ತೆಗೆಯುತ್ತಿದ್ದರು. ಜಾಣರು. ಹೊಗಳಬೇಡ ಅನ್ನುವುದು ಸ್ವಲ್ಪ ಕಟುವಾಗಿ ಕಾಣುತ್ತದೆ, ಆದರೆ ಈ ಬಾಟ್‌ಗಳಿಗೆ ಹೊಗಳುವ ಚಟ ಜಾಸ್ತಿ. ಏನು ಬರೆದರೂ "ಅದ್ಭುತ ಪ್ರಶ್ನೆ" ಅನ್ನುತ್ತವೆ. ನಾನು ಹದಿನಾಲ್ಕು ವರ್ಷದ ಪಾಠದಲ್ಲಿ ಅದ್ಭುತ ಪ್ರಶ್ನೆ ಕೇಳಿದ್ದು ಒಂದು ನಾಲ್ಕು ಸಲ ಇರಬಹುದು.

ಒಂದು ಚಾಟ್ ಹತ್ತಿರದಿಂದ

ಬೆಳ್ತಂಗಡಿ ಕಡೆಯಿಂದ ಬರುವ ಒಬ್ಬಳು ಹುಡುಗಿ ಇದ್ದಾಳೆ. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಸ್ಟ್ಯಾಂಡರ್ಡ್ ಡೀವಿಯೇಷನ್ ಪಾಠ ಮುಗಿದ ವಾರ ಅವಳು ನನಗೆ ತೋರಿಸಿದ ಚಾಟ್‌ನ ಒಂದು ತುಂಡು, ಅವಳ ಒಪ್ಪಿಗೆ ಪಡೆದು ಹಾಕುತ್ತಿದ್ದೇನೆ.

ಬಾಟ್ ಎರಡು ನಾಡದೋಣಿಗಳ ಲೆಕ್ಕ ಕೊಟ್ಟಿತ್ತು. ಮಲ್ಪೆಯಲ್ಲಿ ಮೂರು ದಿನ ಸಿಕ್ಕ ಬಂಗುಡೆ, ಮೊದಲ ದೋಣಿಗೆ 48, 50, 52 ಕಿಲೋ. ಎರಡನೆಯದಕ್ಕೆ 10, 50, 90. ಎರಡರದ್ದೂ ಸರಾಸರಿ 50. ಯಾವ ದೋಣಿಯವನಿಗೆ ನೀನು ಧೈರ್ಯವಾಗಿ ಸಾಲ ಕೊಡುತ್ತೀ ಅಂತ ಕೇಳಿತ್ತು.

ಅವಳು: ಮೊದಲನೆಯವನಿಗೆ. ಎರಡನೆಯವನದ್ದು ಒಂದು ದಿನ ಉಂಟು ಒಂದು ದಿನ ಇಲ್ಲ.

ಬಾಟ್: ಸರಿ. ಆ "ಉಂಟು ಇಲ್ಲ" ಅನ್ನುವುದನ್ನು ಒಂದು ಸಂಖ್ಯೆಯಲ್ಲಿ ಹೇಳಬೇಕು. ಪ್ರತಿ ದಿನದ ಮೀನು ಸರಾಸರಿಯಿಂದ ಎಷ್ಟು ದೂರ ಉಂಟು ಅಂತ ಬರೆದು ಕೂಡಿಸು ನೋಡುವ.

ಅವಳು: ಕೂಡಿಸಿದೆ. ಸೊನ್ನೆ ಬಂತು. ಎರಡಕ್ಕೂ ಸೊನ್ನೆ.

ಬಾಟ್: ಹಾಗಾದರೆ ಎರಡೂ ದೋಣಿ ಒಂದೇ ತರವಾ?

ಅವಳು: ಅಲ್ಲ. ಮೈನಸ್ಸು ಪ್ಲಸ್ಸು ಹೊಡೆದುಹೋಯಿತು.

ಬಾಟ್: ಹೊಡೆದುಹೋಗದ ಹಾಗೆ ಏನು ಮಾಡಬಹುದು?

ಇಲ್ಲಿ ಏಳು ನಿಮಿಷ ಏನೂ ಇಲ್ಲ. ಆಮೇಲೆ ಅವಳು "ವರ್ಗ ಮಾಡಿದರೆ?" ಅಂತ ಹಾಕಿದ್ದಾಳೆ. ಅಲ್ಲಿಂದ ಮುಂದೆ ಮೊದಲ ದೋಣಿಗೆ 1.63, ಎರಡನೆಯದಕ್ಕೆ 32.66 ಅಂತ ಅವಳೇ ಮಾಡಿ ಮುಗಿಸಿದ್ದಾಳೆ.

ನನಗೆ ಬೇಕಾದದ್ದು ಆ ಏಳು ನಿಮಿಷ. ಕ್ಲಾಸಿನಲ್ಲಿ ನಾನು ಏಳು ಸೆಕೆಂಡ್ ಕೂಡ ಕಾಯುವುದಿಲ್ಲ, ಬೆಲ್ಲಾಗುತ್ತದೆ ಅಂತ ನಾನೇ ಬೋರ್ಡಿನ ಮೇಲೆ ವರ್ಗ ಮಾಡಿಬಿಡುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಯಾಕೆ ವರ್ಗ ಮಾಡುವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ಅರ್ಧ ಕ್ಲಾಸು ಖಾಲಿ ಬಿಡುತ್ತದೆ.

ಎಲ್ಲ ಚಾಟೂ ಹೀಗೆ ಇರುವುದಿಲ್ಲ ಅಂತ ಹೇಳಲೇಬೇಕು. ಅದೇ ವಾರ ಇನ್ನೊಬ್ಬನ ಚಾಟ್ ನೋಡಿದರೆ "ಆನ್ಸರ್ ಕೊಡು", "ಬೇಗ", "ಮ್ಯಾಮ್ ಬೈತಾರೆ", ಇಷ್ಟೇ.

ಕನ್ನಡ, ತುಳು, ಇಂಗ್ಲಿಷು

ನಮ್ಮ ಕಡೆಯ ದೊಡ್ಡ ತೊಂದರೆ ಇದು. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಶಾಲೆ ಕನ್ನಡ. ಡಿಗ್ರಿ ಇಂಗ್ಲಿಷು. ವಿಷಯ ಗೊತ್ತಿದ್ದೂ ಬರೆಯಲು ಆಗದೆ ಕೂತ ಮಕ್ಕಳು ಪ್ರತಿ ಬೆಂಚಿನಲ್ಲಿ ಒಬ್ಬರಾದರೂ ಇರುತ್ತಾರೆ. ಚಾಟ್‌ಬಾಟ್‌ನ ನಿಜವಾದ ಉಪಯೋಗ ಇಲ್ಲೇ ಅಂತ ನನ್ನ ಲೆಕ್ಕ.

ಮಾಡಬೇಕಾದ್ದು ಹೀಗೆ. ಮೊದಲು ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಲಿ. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ತಾವೇ ಬರೆಯಲಿ, ಎಷ್ಟು ಕೆಟ್ಟದಾಗಿದ್ದರೂ ಪರವಾಗಿಲ್ಲ. ಅದನ್ನು ಬಾಟಿಗೆ ಕೊಟ್ಟು "ನನ್ನ ವಾಕ್ಯವನ್ನು ಬದಲಾಯಿಸಬೇಡ, ಎರಡು ತಪ್ಪು ಮಾತ್ರ ತೋರಿಸು" ಅನ್ನಬೇಕು. ಎರಡು ಮಾತ್ರ, ಇದು ತುಂಬ ಮುಖ್ಯ. "ಸರಿ ಮಾಡಿಕೊಡು" ಅಂದರೆ ಅದು ಇಡೀ ಪ್ಯಾರಾವನ್ನು ಪಾಲಿಷ್ ಹೊಡೆದು ಕೊಡುತ್ತದೆ, ಅದರಲ್ಲಿ ಮಗುವಿನ ಒಂದು ಪದವೂ ಉಳಿದಿರುವುದಿಲ್ಲ. ಎರಡೆರಡು ತಪ್ಪು ತಿದ್ದಿಕೊಂಡರೆ ಸೆಮಿಸ್ಟರ್ ಮುಗಿಯುವಾಗ ತಮ್ಮದೇ ಇಂಗ್ಲಿಷ್ ಒಂದು ಹದಕ್ಕೆ ಬರುತ್ತದೆ.

ಕನ್ನಡದಲ್ಲಿ ಚಾಟ್ ಮಾಡುವಾಗ ಎರಡು ವಿಷಯ ಗೊತ್ತಿರಲಿ. ಈ ಯಂತ್ರಗಳು ಬರಹವನ್ನು ಟೋಕನ್ ಅನ್ನುವ ಚೂರುಗಳಾಗಿ ಒಡೆದು ಓದುತ್ತವೆ. ಇಂಗ್ಲಿಷಿನ ಒಂದು ಪದ ಒಂದೋ ಎರಡೋ ಚೂರಿನಲ್ಲಿ ಮುಗಿದರೆ, ಕನ್ನಡದ ಪದ ಎಷ್ಟೋ ಜಾಸ್ತಿ ಚೂರಾಗುತ್ತದೆ. ಅದಕ್ಕೇ ಕನ್ನಡದಲ್ಲಿ ಉದ್ದ ಮಾತಾಡಿದರೆ ಉಚಿತ ಮಿತಿ ಬೇಗ ಮುಗಿಯಬಹುದು. ಇನ್ನೊಂದು, ಪಾಠದ ಪದಗಳಿಗೆ ಕೆಲವೊಮ್ಮೆ ಯಾರೂ ಕೇಳದ ಸಂಸ್ಕೃತ ಪದ ಹುಟ್ಟಿಸುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಮಾನಕ ವಿಚಲನೆ ಅಂತ ಕನ್ನಡ ಪಠ್ಯಗಳಲ್ಲಿ ಪದ ಇದೆ, ತಪ್ಪಲ್ಲ, ಆದರೆ ನಾಳೆ ಪ್ರಶ್ನೆಪತ್ರಿಕೆಯಲ್ಲಿ ಇರುವುದು ಅದಲ್ಲವಲ್ಲ. ಇನ್ನು ತುಳುವಿನ ಕಥೆ ಬೇರೆ. ಒಬ್ಬ "ಎಂಕ್ ಗೊತ್ತುಜ್ಜಿ" (ನನಗೆ ಗೊತ್ತಿಲ್ಲ) ಅಂತ ಹಾಕಿದ. ಅದು ಅರ್ಥ ಮಾಡಿಕೊಂಡಿತು, ಖುಷಿಯಾಗಿ ತುಳುವಿನಲ್ಲೇ ಉತ್ತರ ಕೊಡಲು ಹೊರಟಿತು. ಬಂದ ತುಳು ಓದಿ ಇಡೀ ಲೈಬ್ರರಿ ನಕ್ಕಿತು. ತುಳುವಿನಲ್ಲಿ ಕೇಳಲಿ, ಉತ್ತರ ಕನ್ನಡದಲ್ಲಿ ತೆಗೆದುಕೊಳ್ಳಲಿ.

ದಿನಾಂಕ, ಫೀಸು, ರಜೆ

ಮಕ್ಕಳ ಅರ್ಧ ಪ್ರಶ್ನೆ ಪಾಠದ್ದೇ ಅಲ್ಲ. ಪರೀಕ್ಷಾ ಶುಲ್ಕ ಯಾವಾಗ, ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಪೋರ್ಟಲಿನಲ್ಲಿ ಹೆಸರು ತಪ್ಪಾಗಿದೆ ಏನು ಮಾಡುವುದು, ಎಸ್‌ಎಸ್‌ಪಿ ಅನ್ನುವ ಸರ್ಕಾರಿ ಪೋರ್ಟಲಿನ ಸ್ಕಾಲರ್‌ಶಿಪ್‌ಗೆ ಯಾವ ದಾಖಲೆ ಬೇಕು. ಇದಕ್ಕೆ ಸಾಮಾನ್ಯ ಚಾಟ್‌ಬಾಟನ್ನು ಕೇಳಲೇಬಾರದು. ಅದಕ್ಕೆ ನಿಮ್ಮ ಕಾಲೇಜಿನ ನೋಟಿಸ್ ಬೋರ್ಡು ಕಾಣುವುದಿಲ್ಲ, ಆದರೆ ಕಾಣುವ ಹಾಗೆ ಮಾತಾಡುತ್ತದೆ.

ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ತರದ್ದು ಇಲ್ಲಿ ಅನುಕೂಲ. ನೀವು ಹಾಕಿದ ಕಡತಗಳಿಂದ ಮಾತ್ರ ಉತ್ತರ ಹುಡುಕಿ, ಯಾವ ಸಾಲಿನಿಂದ ತೆಗೆದದ್ದು ಅಂತಲೂ ತೋರಿಸುತ್ತದೆ. ಸಿಲಬಸ್, ಇಂಟರ್ನಲ್ಸ್ ವೇಳಾಪಟ್ಟಿ, ಸುತ್ತೋಲೆಗಳು, ಸ್ಕಾಲರ್‌ಶಿಪ್ ದಾಖಲೆಗಳ ಪಟ್ಟಿ, ಇಷ್ಟು ಹಾಕಿದರೆ ಸಾಕು.

ನಾನು ಇಲ್ಲೇ ಎಡವಿದ್ದು. ಮೊದಲ ಸಲ ಉತ್ಸಾಹದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಎಲ್ಲ ಸುತ್ತೋಲೆಗಳನ್ನೂ ತುಂಬಿದೆ. ಅದರಲ್ಲಿ ಹಿಂದಿನ ವರ್ಷದ ಪರೀಕ್ಷಾ ಶುಲ್ಕದ್ದೂ ಒಂದು ಇತ್ತು. ಇಬ್ಬರು ಮಕ್ಕಳು ಬಾಟ್ ಹೇಳಿದ ದಿನಾಂಕ ನಂಬಿ ಆರಾಮವಾಗಿ ಕೂತರು, ಕೊನೆಗೆ ದಂಡ ಕಟ್ಟಿದರು. ದಂಡದ ದುಡ್ಡು ನಾನು ಕೊಟ್ಟೆ, ಅದು ಬೇರೆ. ಈಗ ಪ್ರತಿ ಕಡತದ ಹೆಸರಿನ ಮೊದಲು ದಿನಾಂಕ ಹಾಕುತ್ತೇನೆ, ಹೊಸದು ಬಂದ ದಿನವೇ ಹಳೆಯದನ್ನು ಅಳಿಸುತ್ತೇನೆ, ಮತ್ತು ಮಕ್ಕಳಿಗೆ ಒಂದೇ ಮಾತು ಹೇಳಿದ್ದೇನೆ: ದುಡ್ಡು ಅಥವಾ ಕೊನೇ ದಿನಾಂಕ ಇರುವ ಉತ್ತರ ಆದರೆ ಮೂಲ ಸುತ್ತೋಲೆಯನ್ನು ಕಣ್ಣಾರೆ ನೋಡಿ.

ಜೂನ್, ಜುಲೈಯಲ್ಲಿ ಬರುವ ಪ್ರಶ್ನೆ ಒಂದೇ, "ನಾಳೆ ರಜೆ ಉಂಟಾ?" ಜೋರು ಮಳೆ ಬಂದ ರಾತ್ರಿ ಹಳೇ ವರ್ಷದ ಡಿಸಿ ಆದೇಶ ಫಾರ್ವರ್ಡ್ ಆಗಿ ಬರುವುದು ನಮಗೆ ಹೊಸತಲ್ಲ. ಅದೇ ಅನುಭವವನ್ನು ಬಾಟಿಗೂ ಹಚ್ಚಿ ಅಂದರೆ ಮಕ್ಕಳಿಗೆ ಥಟ್ಟನೆ ಅರ್ಥ ಆಗುತ್ತದೆ. ಸೀಲು, ಸಹಿ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ, ತಾರೀಕು ನೋಡಿದರೆ ಕಥೆ ಬೇರೆ.

ತಪ್ಪು ಹಿಡಿಯುವ ಕ್ಲಾಸು

ಬಾಟ್ ಸುಳ್ಳು ಹೇಳುತ್ತದೆ ಅಂತ ಹತ್ತು ಸಲ ಹೇಳಿದರೂ ಮಕ್ಕಳು ನಂಬುವುದಿಲ್ಲ. ಒಂದು ಸಲ ಅವರೇ ಹಿಡಿಯಬೇಕು. ನಾನು ಬಳಸುವುದು ನಮ್ಮದೇ ಬ್ಯಾಂಕುಗಳ ಇತಿಹಾಸ. ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಐದು ದೊಡ್ಡ ಬ್ಯಾಂಕು ಹುಟ್ಟಿದವು: 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ಕೆನರಾ, ಸಿಂಡಿಕೇಟ್ 1969ರಲ್ಲಿ ರಾಷ್ಟ್ರೀಕರಣ ಆದವು. ಕಾರ್ಪೊರೇಷನ್, ವಿಜಯ 1980ರಲ್ಲಿ. ಕರ್ಣಾಟಕ ಬ್ಯಾಂಕ್ ಯಾವತ್ತೂ ಆಗಲಿಲ್ಲ. 2019ರಲ್ಲಿ ವಿಜಯ ಹೋಗಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾವನ್ನೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕನ್ನೂ ಸೇರಿದವು.

ಈಗ ಮಕ್ಕಳಿಗೆ ಹೇಳಿ, ಬಾಟಿಗೆ ಸುಳ್ಳನ್ನೇ ಗಟ್ಟಿಯಾಗಿ ಹೇಳಿ ಅಂತ. "ಕರ್ಣಾಟಕ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣ ಆಯಿತಲ್ಲ, ಅದರ ಕಾರಣ ವಿವರಿಸು." ಕೆಲವು ಸಲ ಅದು ಇಲ್ಲ, ಹಾಗಾಗಿಲ್ಲ ಅನ್ನುತ್ತದೆ. ಆಗ ಒತ್ತಬೇಕು: "ಇಲ್ಲ, ನಮ್ಮ ಪುಸ್ತಕದಲ್ಲಿ ಉಂಟು." ಒಂದೆರಡು ಸಲ ಒತ್ತಿದರೆ ಕೆಲವು ಬಾಟ್ ಕ್ಷಮೆ ಕೇಳಿ ಆಗದೇ ಇದ್ದ ರಾಷ್ಟ್ರೀಕರಣಕ್ಕೆ ಐದು ಕಾರಣ ಕೊಡುತ್ತವೆ. ಕ್ಲಾಸಿನಲ್ಲಿ ಆಗ ಬರುವ ನಗು ನೋಡಬೇಕು. ಯಾರ ಅಪ್ಪನೋ ಅಜ್ಜನೋ ಬ್ಯಾಂಕಿನಲ್ಲಿದ್ದ ಊರು ಇದು, ಇಲ್ಲಿ ಆ ಸುಳ್ಳು ನಡೆಯುವುದಿಲ್ಲ. ಆವತ್ತಿನಿಂದ ಅವರು ಬಾಟ್ ಹೇಳಿದ ಇಸವಿಯನ್ನು ಸುಮ್ನೆ ಬರೆದುಕೊಳ್ಳುವುದಿಲ್ಲ.

ಇದೇ ತರ, ಮಕ್ಕಳ ಕೈಗೆ ಕೊಡುವ ಮೊದಲು ನೀವೇ ಕೆಟ್ಟ ವಿದ್ಯಾರ್ಥಿಯಾಗಿ ಒಂದು ಗಂಟೆ ಆಡಿ ನೋಡಿ. ಅಳಿ, ಬೈಯಿರಿ, "ನಾಳೆ ಸಬ್ಮಿಷನ್ ಪ್ಲೀಸ್" ಅನ್ನಿ, ಸಿಲಬಸ್ಸಿನ ಹೊರಗಿನದ್ದು ಕೇಳಿ, ತಪ್ಪು ಉತ್ತರವನ್ನು ಸರಿ ಅಂತ ಸಾಧಿಸಿ. ಎಲ್ಲಿ ಸೋಲುತ್ತದೋ ಅಲ್ಲಿ ಸೂಚನೆಗೆ ಒಂದು ಸಾಲು ಸೇರಿಸಿ.

ಮಕ್ಕಳ ಕಡೆಯಿಂದ ಏನು ಬೇಕು

ಜಾಸ್ತಿ ಏನಿಲ್ಲ. ಮೊದಲ ಹದಿನೈದು ನಿಮಿಷ ಫೋನು ಮಗುಚಿ ಇಟ್ಟು ಪೇಪರಿನಲ್ಲಿ ಮಾಡಬೇಕು. ಆಮೇಲೆ ಆ ಪೇಪರಿನ ಫೋಟೋ ಬಾಟಿಗೆ ಹಾಕಬಹುದು. ಚಾಟ್ ಮುಗಿದ ಮೇಲೆ ಮುಚ್ಚಿ, ನೋಡದೆ, ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಓದಿದ್ದನ್ನೇ ಓದುವುದಕ್ಕಿಂತ ನೆನಪಿನಿಂದ ಹೊರಗೆ ತೆಗೆಯುವುದು ಜಾಸ್ತಿ ದಿನ ನಿಲ್ಲುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ಮಕ್ಕಳ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಚಾಟ್ ಓದುವಾಗ ಎಲ್ಲ ಗೊತ್ತಾದ ಹಾಗೆ ಅನಿಸುತ್ತದೆ, ಆ ಅನಿಸಿಕೆಯೇ ಮೋಸ.

ಸಂದರ್ಶನಕ್ಕೂ ಇದನ್ನು ಬಳಸಿ. "ನೀನು ಬ್ಯಾಂಕಿನ ಸಂದರ್ಶಕ, ನನ್ನನ್ನು ಹತ್ತು ನಿಮಿಷ ಕೇಳು" ಅಂದರೆ ಸಾಕು. ಬಾಯಲ್ಲಿ ಮಾತಾಡುವ ಸೌಲಭ್ಯವೂ ಇದೆ, ಆದರೆ ಉಡುಪಿ ಎಕ್ಸ್‌ಪ್ರೆಸ್ಸಿನಲ್ಲಿ ಹಾರ್ನು, ಹಾಡು, ಕಂಡಕ್ಟರ್ ಶಿಳ್ಳೆ ಎಲ್ಲ ಸೇರಿ ಅದಕ್ಕೆ ಏನು ಕೇಳಿಸುತ್ತದೋ ದೇವರಿಗೇ ಗೊತ್ತು. ಮನೆಯಲ್ಲಿ ಮಾಡಲಿ.

ನಿಮ್ಮ ಕಡೆಯಿಂದ ಬೇಕಾದ್ದು ವಾರಕ್ಕೆ ಒಂದು ಗಂಟೆ. ಪ್ರತಿಯೊಬ್ಬರೂ ತಾವು ಸಿಕ್ಕಿಹಾಕಿಕೊಂಡ ಒಂದು ಜಾಗದ ಸ್ಕ್ರೀನ್‌ಶಾಟ್ ಕಳಿಸಲಿ, ಒಂದೇ. ಅದನ್ನು ನೋಡಿದರೆ ಯಾರನ್ನು ಕರೆದು ಕೂರಿಸಬೇಕು ಅಂತ ಗೊತ್ತಾಗುತ್ತದೆ. ನನ್ನ ಡೈರಿಯ ಸಹಿಗಿಂತ ಇದು ಎಷ್ಟೋ ಮೇಲು. ಏನೂ ಕಳಿಸದವರನ್ನು ಮೊದಲು ಕರೆಯಿರಿ. ಮತ್ತು ಯಾರು ಬಾಟ್‌ನಿಂದ ಬರೆದದ್ದು ಅಂತ ಕಂಡುಹಿಡಿಯುವ ತಂತ್ರಾಂಶಗಳ ಹಿಂದೆ ಹೋಗಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನದೇ ಅಂಥ ತಂತ್ರಾಂಶವನ್ನು ನಿಖರವಾಗಿಲ್ಲ ಅಂತ 2023ರ ಜುಲೈಯಲ್ಲಿ ವಾಪಸ್ ತೆಗೆದುಕೊಂಡಿತು. ಅನುಮಾನ ಬಂದರೆ ಕರೆದು ಎರಡು ಪ್ರಶ್ನೆ ಬಾಯಲ್ಲಿ ಕೇಳಿ. ಬರೆದದ್ದು ತನ್ನದಾಗಿದ್ದರೆ ಮಗು ಹೇಳುತ್ತದೆ.

ಹಾಕಬಾರದ್ದು

ಆಧಾರ್, ರಿಜಿಸ್ಟರ್ ನಂಬರ್, ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಇನ್ನೊಬ್ಬರ ಫೋನ್ ನಂಬರು. ಮಕ್ಕಳು ಸ್ಕಾಲರ್‌ಶಿಪ್ ಫಾರಂ ತುಂಬಿಸಿಕೊಡು ಅಂತ ಎಲ್ಲವನ್ನೂ ಫೋಟೋ ಹೊಡೆದು ಹಾಕುತ್ತಾರೆ. ನಾವೂ ಕಮ್ಮಿ ಇಲ್ಲ, ಇಡೀ ಕ್ಲಾಸಿನ ಅಂಕಪಟ್ಟಿ ಹಾಕಿ "ವಿಶ್ಲೇಷಣೆ ಮಾಡು" ಅನ್ನುವವರು ಇದ್ದಾರೆ. ಹೆಸರು ತೆಗೆದು ಒಂದು, ಎರಡು, ಮೂರು ಅಂತ ಹಾಕಿ. ಸೆಟ್ಟಿಂಗ್‌ನಲ್ಲಿ ನಮ್ಮ ಚಾಟನ್ನು ಬಾಟ್‌ನ ತರಬೇತಿಗೆ ಬಳಸಬಹುದಾ ಅಂತ ಒಂದು ಗುಂಡಿ ಇರುತ್ತದೆ, ಆಫ್ ಮಾಡಿಸಿ.

ರಾತ್ರಿ ಎರಡು ಗಂಟೆಯ ಚಾಟ್

1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ತಾವು ಮಾಡಿದ ಎಲೈಜಾ ಅನ್ನುವ ಬಾಟ್ ಬಗ್ಗೆ ಬರೆದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಬಿಟ್ಟರೆ ಅದಕ್ಕೆ ಜಾಸ್ತಿ ಏನೂ ಗೊತ್ತಿರಲಿಲ್ಲ. ಆದರೂ ಅವರ ಸೆಕ್ರೆಟರಿ ಅದರ ಜೊತೆ ಮಾತಾಡುತ್ತಾ ಕೂತು, ಸ್ವಲ್ಪ ಹೊರಗೆ ಹೋಗಿ ಅಂತ ಅವರನ್ನೇ ಕೇಳಿದರಂತೆ. ಈಗಿನ ಬಾಟ್‌ಗಳ ಮಾತು ಅದಕ್ಕಿಂತ ಸಾವಿರ ಪಾಲು ಮೃದು. ಮಕ್ಕಳು ಮನಸ್ಸು ಬಿಚ್ಚುತ್ತಾರೆ. ಪಿಜಿಯಲ್ಲಿ ಒಂಟಿಯಾಗಿರುವವರು, ಸಪ್ಲಿಮೆಂಟರಿ ಬಿದ್ದದ್ದನ್ನು ಮನೆಯಲ್ಲಿ ಹೇಳದವರು, ಫೀಸಿಗೆ ದುಡ್ಡಿಲ್ಲದವರು.

ಅದನ್ನು ತಡೆಯಲು ಆಗುವುದಿಲ್ಲ, ಬೈದರೆ ಇನ್ನೂ ಒಳಗೆ ಹೋಗುತ್ತಾರೆ. ಸೂಚನೆಗೆ ಒಂದು ಸಾಲು ಸೇರಿಸಿ: "ನಾನು ಬೇಸರದ, ಬದುಕು ಸಾಕು ಅನ್ನುವಂಥ ಮಾತು ಆಡಿದರೆ ಪಾಠ ನಿಲ್ಲಿಸು, 14416ಕ್ಕೆ ಅಥವಾ ನನ್ನ ಮೆಂಟರಿಗೆ ಫೋನ್ ಮಾಡಲು ಹೇಳು." 14416 ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಆ ನಂಬರನ್ನು ಗುಂಪಿನಲ್ಲಿ ಸೂಚನೆಯ ಪಕ್ಕದಲ್ಲೇ ಪಿನ್ ಮಾಡಿ. ಆದರೆ ಆ ಸಾಲಿನ ಮೇಲೆ ಭಾರ ಹಾಕಬೇಡಿ, ಬಾಟ್ ಕೆಲವೊಮ್ಮೆ ಅದನ್ನು ಮರೆತು ಸಮಾಧಾನ ಹೇಳುತ್ತಾ ಕೂರುತ್ತದೆ. ನಾನು ವಾರದ ಸ್ಕ್ರೀನ್‌ಶಾಟ್ ನೋಡುವಾಗ ಸಮಯವನ್ನೂ ನೋಡುತ್ತೇನೆ. ಯಾವಾಗಲೂ ಎರಡು, ಮೂರು ಗಂಟೆಯದ್ದೇ ಬರುತ್ತಿದ್ದರೆ ಸ್ಟ್ಯಾಟಿಸ್ಟಿಕ್ಸ್ ಮಾತು ಎತ್ತದೆ ಕ್ಯಾಂಟೀನಿಗೆ ಕರೆದುಕೊಂಡು ಹೋಗುತ್ತೇನೆ. ಗೋಳಿಬಜೆ, ಚಾ, ಅರ್ಧ ಗಂಟೆ. ಅಲ್ಲಿ ಹೊರಗೆ ಬಂದ ಮಾತನ್ನು ನಾನು ಡೈರಿಯಲ್ಲೂ ಬರೆಯುವುದಿಲ್ಲ, ಬೇಕಾದರೆ ಕೌನ್ಸೆಲರ್ ಹತ್ತಿರ ಜೊತೆಗೆ ಹೋಗುತ್ತೇನೆ.

ಶುರು ಮಾಡುವವರು ಒಂದೇ ಯೂನಿಟ್ ಹಿಡಿಯಿರಿ, ಮಕ್ಕಳು ಹೆಚ್ಚು ಎಡವುವ ಯೂನಿಟ್. ಐದಾರು ಮಕ್ಕಳು ಸಾಕು, ಮೂರು ವಾರ. ಮೇಲಿನ ಸೂಚನೆಯಲ್ಲಿ ವಿಷಯದ ಹೆಸರು ಬದಲಾಯಿಸಿ ಅಂಟಿಸಿ, ಅವರ ಜೊತೆ ಕೂತು ಮೊದಲ ಚಾಟ್ ನೋಡಿ. ಸೆಮಿಸ್ಟರ್ ಮುಗಿದ ದಿನ ಹಳೇ ಸುತ್ತೋಲೆ ಅಳಿಸಲು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ದಂಡದ ದುಡ್ಡು ರೆಡಿ ಇಟ್ಟುಕೊಳ್ಳಿ.